ಪ್ರಶ್ನೆಯ ಉಳಿದರ್ಧ

ಫೆಬ್ರವರಿಯ ಶನಿವಾರ. ಅಯೋವಾದ ಒಟ್ಟಮ್ವಾ.
ಬೆಳಗಿನ ಆರಕ್ಕೆ ಶಾಲೆಯ ಬೀಗ ತೆಗೆಯುತ್ತೇನೆ,
ಬೀಗವೂ ಬೆರಳೂ ಒಂದೇ ಸಮ ಮರಗಟ್ಟಿವೆ.
ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ನಾನು
ಇವತ್ತೊಂದು ದಿನ ಅಂಕ ಬರೆಯುವವನು.
ವರ್ಲಾ ಟಿಮ್ಮರ್ಮನ್ ಆಗಲೇ ಬಂದು ನಿಂತಿದ್ದಾಳೆ:
ಕಾರಿನ ಡಿಕ್ಕಿಯಲ್ಲಿ ಹದಿನಾರು ಗುಂಡಿ,
ಒಂದು ಹೊರೆ ತಂತಿ, ನಾಲ್ಕು ಡಜನ್ ಡೋನಟ್,
ತಾನೇ ಬರೆದ ಮುನ್ನೂರ ಎಂಬತ್ತು ಪ್ರಶ್ನೆ.

ಟೀವಿಯಲ್ಲಿ ಒಂಬತ್ತು ರಾತ್ರಿ ಗೆದ್ದವಳು ಇವಳು.
ಕೌಂಟಿ ಕಚೇರಿಯಲ್ಲಿ ಜಮೀನಿನ ಕಾಗದ ನೋಡುತ್ತಿದ್ದವಳು
ರಾಜರ ಇಸವಿ, ಗುರುಗ್ರಹದ ಚಂದ್ರರು, ಮೂಳೆಗಳ ಹೆಸರು
ಎಲ್ಲ ನಾಲಗೆ ತುದಿಯಲ್ಲಿಟ್ಟುಕೊಂಡು ಹೋಗಿದ್ದಳು.
ಊರಿಗೆ ಊರೇ ಬೌಲಿಂಗ್ ಕ್ಲಬ್ಬಿನ ಟೀವಿಗೆ ಕಣ್ಣು ನೆಟ್ಟಿತ್ತು,
ಕುರ್ಚಿ ಸಿಗದೆ ನಾನು ಒಂಬತ್ತೂ ರಾತ್ರಿ ನಿಂತೇ ಇದ್ದೆ.
ಗೆದ್ದ ದುಡ್ಡಲ್ಲಿ ಮನೆಗೆ ಹೊಸ ಸೂರು,
ಅಮ್ಮನ ಆಸ್ಪತ್ರೆಯ ಸಾಲಕ್ಕೆ ಮುಕ್ತಿ,
ಮಿಕ್ಕ ಚೂರುಪಾರಿಗೆ ಈ ಗುಂಡಿಗಳು.

ಹತ್ತನೆಯ ರಾತ್ರಿಯ ಮಾತು ಇಲ್ಲಿ ಯಾರೂ ಎತ್ತುವುದಿಲ್ಲ.
'ಕಪ್ಪು ಸಮುದ್ರ ಸೇರುವ ಈ ನದಿ' ಎನ್ನುವಷ್ಟರಲ್ಲಿ
ಒತ್ತಿಬಿಟ್ಟಳು. ಡ್ಯಾನ್ಯೂಬ್, ಎಂದಳು.
ಅಲ್ಲ.
ಪಕ್ಕದ ಹುಡುಗ ತಟ್ಟನೆ ಡ್ನೀಪರ್ ಎಂದ. ಅದು ಸರಿ.
ಚಪ್ಪಾಳೆ, ಆಮೇಲೆ ಸೋಪಿನ ಜಾಹೀರಾತು.
ಆ ಪ್ರಶ್ನೆಯ ಉಳಿದರ್ಧದಲ್ಲಿ ಏನಿತ್ತೋ,
ಓದುವ ಅಗತ್ಯ ಯಾರಿಗೂ ಬೀಳಲಿಲ್ಲ.

ಇವಳ ಪ್ರಶ್ನೆಗಳು ಬಾವಿಯ ಮೆಟ್ಟಿಲಿದ್ದ ಹಾಗೆ,
ಇಳಿದಷ್ಟೂ ನೀರು ಹತ್ತಿರ.
ಮೊದಲ ಸಾಲು ಪಂಡಿತರಿಗೆ,
ನಡುವಿನದು ಪುಸ್ತಕದ ಹುಳುಗಳಿಗೆ,
ಕೊನೆಯದು ಮನೆಯಲ್ಲಿ ಪುಸ್ತಕವೇ ಇಲ್ಲದವರಿಗೆ.
ಆ ಕೊನೆಯದನ್ನು ಬರೆಯುವುದಕ್ಕೇ ಬಹಳ ದಿನ ಹಿಡಿಯುತ್ತದಂತೆ.

ದೊಡ್ಡೂರಿನ ಹುಡುಗರು, ಒಂದೇ ಬಣ್ಣದ ಕೋಟಿನವರು,
ಮೂರನೆಯ ಪದಕ್ಕೇ ಠಣ್ ಎನಿಸುತ್ತಾರೆ.
ಸರಿ, ಶಹಬ್ಬಾಸ್, ಎನ್ನುತ್ತಾಳೆ ವರ್ಲಾ.
ಎಂದು, ಹಾಳೆಯ ಕೆಳಗಿನ ಸಾಲುಗಳನ್ನು
ಬಡಿಸಿಟ್ಟು ಯಾರೂ ಮುಟ್ಟದ ತಟ್ಟೆಯನ್ನು ನೋಡುವಂತೆ
ಒಂದು ಗಳಿಗೆ ನೋಡಿ, ಮಗುಚುತ್ತಾಳೆ.

ನಮ್ಮ ತಂಡದ ತುದಿಯಲ್ಲಿ ಇಟ್ಸೆಲ್ ಬರ್ರಗಾನ್.
ಹಂದಿ ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಅವ್ವ ನೇರ ಇಲ್ಲಿಗೇ ತಂದು ಬಿಟ್ಟು ಹೋಗಿದ್ದಾಳೆ.
ಹುಡುಗಿಯ ಬೆರಳು ಗುಂಡಿಯ ಮೇಲೆ, ಬೆಳಗಿನಿಂದ,
ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ.
ಆರು ಸುತ್ತು. ಸೊನ್ನೆ ಬರೆದು ಬರೆದು
ನನ್ನ ಸೊನ್ನೆಗಳು ಈಗ ಬಲು ದುಂಡಗೆ.

ಏಳನೆಯ ಸುತ್ತು. 'ಘನಾಕೃತಿಯ ಈ ಹರಳು...'
ಠಣ್. ಫ್ಲೋರೈಟ್, ಎಂದ ಕೋಟಿನವ.
ತಪ್ಪು. ಅವರ ಬಾಯಿಗೆ ಬೀಗ.
ಇನ್ನು ಪೂರ್ತಿ ಓದಲೇಬೇಕು.
ವರ್ಲಾ ಓದಿದಳು, ಹೆಪ್ಪುಗಟ್ಟಿದ ಹೊಳೆ ದಾಟುವವಳಂತೆ
ಒಂದೊಂದೇ ಪದ ಊರಿ:
'ಇದರ ಮೇಲೆ ಸುಂಕ ಹೇರಿ ದಂಗೆ ಕಂಡ ದೊರೆಗಳುಂಟು,
ಮಾಂಸ ಕೆಡದಂತೆ ಕಾಯುವುದು ಇದು,
ದುಡಿದು ಬಂದವರ ಅಂಗಿಯ ಬೆನ್ನಿನಲ್ಲಿ
ಒಣಗಿ ಬಿಳಿಯ ಗೆರೆಯಾಗುವುದು...'
ಠಣ್.

ಬೆಳಗಿನಿಂದ ಕೇಳದ ಸದ್ದು. ನನ್ನ ಪೆನ್ನು ಉರುಳಿತು.
'ಉಪ್ಪಾ?' ಎಂದಳು ಇಟ್ಸೆಲ್,
ಅವಳೇ ನಮ್ಮನ್ನು ಕೇಳುತ್ತಿರುವವಳಂತೆ.
ಹತ್ತು ಅಂಕ. ನಾವು ಸೋತೆವು, ನಾನೂರ ಹದಿನೈದಕ್ಕೆ ಹತ್ತು.

ಸಂಜೆ ಎಲ್ಲರೂ ಹೋದಮೇಲೆ
ನಾನು ತಂತಿ ಸುತ್ತುತ್ತೇನೆ, ಡೋನಟ್ಟಿನ ಸಕ್ಕರೆ ಗುಡಿಸುತ್ತೇನೆ.
ಅವಳು ಕೋಟು ಹಾಕಿಕೊಂಡೇ ಮೇಜಿನ ತುದಿಗೆ ಕೂತು
ಇಡೀ ದಿನ ಓದದೆ ಉಳಿದ ಅರ್ಧಗಳನ್ನು
ಒಂದೊಂದಾಗಿ ಓದುತ್ತಾಳೆ, ಖಾಲಿ ಕುರ್ಚಿಗಳಿಗೆ, ನನಗೆ.
ಉಪ್ಪಿಗೂ ಒಂದು ಸಾಲು ಬಾಕಿ ಇತ್ತು:
'ಊಟಕ್ಕೆ ಕೂತಾಗ ಪಕ್ಕದವರನ್ನು ನಾವು ಕೇಳುವುದು,
ಅವರು ಕೈ ಚಾಚಿ ಕೊಡುವುದು,
ಹತ್ತು ಅಂಕಕ್ಕೆ, ಹೇಳಿ...'

ನನಗೆ ಗೊತ್ತು.
ಪೊರಕೆ ಹಿಡಿದು ಸುಮ್ಮನೆ ನಿಂತಿರುತ್ತೇನೆ,
ಅವಳು ಮುಗಿಸಲಿ ಎಂದು.